ಸೋತವರು ಕೇಳಿದ ಮತ

ತ್ಯಾಗಲಿಯ ಸುತ್ತಿನ ತೋಟಿಗರಿಗೆ ಆಶಾವಾದವನ್ನು ಯಾರೂ ಕಲಿಸಬೇಕಾಗಿಲ್ಲ. ಅಡಿಕೆಯ ಸಸಿ ಫಲ ಕೊಡಲು ಐದಾರು ವರ್ಷ ಬೇಕು. ಆದರೂ ನೆಡುತ್ತಾರೆ, ಸೊಪ್ಪು ಗೊಬ್ಬರ ಹಾಕಿ ಕಾಯುತ್ತಾರೆ. ರಾಜಕಾರಣದಲ್ಲಿಯೂ ಇಂಥ ಭರವಸೆಗೆ ಬೆಲೆಯುಂಟು.

ಇದೇ ಸಿದ್ದಾಪುರ ತಾಲ್ಲೂಕಿನ ದೊಡ್ಮನೆಯವರಾದ ರಾಮಕೃಷ್ಣ ಹೆಗಡೆಯವರು 1983ರಲ್ಲಿ ಕರ್ನಾಟಕದ ಮೊದಲ ಕಾಂಗ್ರೆಸ್ಸೇತರ ಸರ್ಕಾರದ ಮುಖ್ಯಮಂತ್ರಿಯಾದರು. 1984ರ ಡಿಸೆಂಬರಿನ ಲೋಕಸಭಾ ಚುನಾವಣೆಯಲ್ಲಿ ರಾಜ್ಯದ 28 ಸ್ಥಾನಗಳ ಪೈಕಿ ಅವರ ಜನತಾ ಪಕ್ಷಕ್ಕೆ ದೊರೆತವು ನಾಲ್ಕೇ. ಹೆಗಡೆಯವರು ರಾಜೀನಾಮೆಯಿತ್ತು, ವಿಧಾನಸಭೆಗೆ ಹೊಸದಾಗಿ ಜನಾದೇಶ ಬೇಡಿದರು. ಸೋತವರು ಸೋಲಿಸಿದವರ ಬಾಗಿಲಿಗೇ ಹೋಗುವುದು ದುಸ್ಸಾಹಸವೆಂದು ಹಲವರಿಗೆ ತೋರಿದ್ದರೆ ಆಶ್ಚರ್ಯವಿಲ್ಲ. ಆದರೆ 1985ರ ಮಾರ್ಚಿನಲ್ಲಿ ಅದೇ ಮತದಾರರು 224 ಸ್ಥಾನಗಳಲ್ಲಿ 139ನ್ನು ಅದೇ ಪಕ್ಷಕ್ಕೆ ಕೊಟ್ಟರು. ದಿಲ್ಲಿಯ ಆಯ್ಕೆ ಬೇರೆ, ಬೆಂಗಳೂರಿನ ಆಯ್ಕೆ ಬೇರೆ ಎಂಬುದನ್ನು ಅವರು ಬಲ್ಲವರಾಗಿದ್ದರು.

ತನ್ನ ಮತದಿಂದ ಏನಾದರೂ ಆದೀತೆಂಬ ನಂಬಿಕೆಯೇ ಜನರನ್ನು ಮತಗಟ್ಟೆಗೆ ಕರೆತರುತ್ತದೆ. ಆದರೆ ಆ ನಂಬಿಕೆಯನ್ನು ನಿತ್ಯವೂ ಸಾಕಬೇಕು. ದೂರವಾಣಿ ಕದ್ದಾಲಿಕೆಯ ಆರೋಪದ ನಡುವೆ ಹೆಗಡೆಯವರು 1988ರಲ್ಲಿ ಅಧಿಕಾರ ಬಿಟ್ಟರು. 1989ರಲ್ಲಿ ಜನತಾ ದಳ ಸೋತಿತು. ಸಸಿ ನೆಟ್ಟವನು ನೀರೆರೆಯುವುದನ್ನು ಮರೆತರೆ ತೋಟ ಒಣಗುವುದೆಂದು ಮಲೆನಾಡಿನ ರೈತನಿಗೆ ಬೇರೆ ಹೇಳಬೇಕೆ?