ಎಲ್ಲರಿಗೂ ಸಲ್ಲುವ ರಕ್ತ

‘ಓ ನೆಗೆಟಿವ್ ಎಲ್ಲರಿಗೂ ಕೊಡಬಹುದಾದ ರಕ್ತ’ ಎಂಬ ಮಾತನ್ನು ನಾವೆಲ್ಲ ಕೇಳಿದ್ದೇವೆ. ಆದರೆ ಆ ಗುಂಪಿನವರಿಗೇ ರಕ್ತ ಬೇಕಾದರೆ ಓ ನೆಗೆಟಿವ್ ಬಿಟ್ಟು ಬೇರೆ ಯಾವುದೂ ಹೊಂದುವುದಿಲ್ಲ ಎಂಬುದು ಅಷ್ಟಾಗಿ ನಮ್ಮ ಗಮನಕ್ಕೆ ಬರುವುದಿಲ್ಲ.

ರಕ್ತದ ಗುಂಪುಗಳನ್ನು 1901ರಲ್ಲಿ ಲೋಕಕ್ಕೆ ತಿಳಿಸಿದವರು ವಿಯೆನ್ನಾದ ಡಾ. ಕಾರ್ಲ್ ಲ್ಯಾಂಡ್‌ಸ್ಟೈನರ್. ಯೆಹೂದಿ ಮನೆತನದಲ್ಲಿ ಹುಟ್ಟಿ 1890ರಲ್ಲಿ ಕಥೋಲಿಕ ಧರ್ಮಸಭೆಯನ್ನು ಸೇರಿದವರು. ಅವರು ಹುಟ್ಟಿದ ಜೂನ್ 14ನ್ನೇ ಇಂದು ವಿಶ್ವ ರಕ್ತದಾನಿಗಳ ದಿನವಾಗಿ ಆಚರಿಸುತ್ತೇವೆ. ಕೆಂಪು ರಕ್ತಕಣಗಳ ಮೇಲೆ ಎ, ಬಿ, ಆರ್‌ಎಚ್ ಎಂಬ ಗುರುತುಗಳಿರುತ್ತವೆ. ತನ್ನದಲ್ಲದ ಗುರುತನ್ನು ಕಂಡರೆ ದೇಹವು ಆ ಕಣಗಳನ್ನು ಒಡೆದುಹಾಕಬಹುದು, ಪ್ರಾಣಕ್ಕೇ ಅಪಾಯ. ಓ ನೆಗೆಟಿವ್ ಕಣಗಳಲ್ಲಿ ಈ ಮೂರೂ ಇಲ್ಲ. ಹಾಗೆಂದು ‘ಎಲ್ಲರಿಗೂ’ ಎಂಬ ಮಾತೂ ಪೂರ್ತಿ ನಿಜವಲ್ಲ. 1952ರಲ್ಲಿ ಡಾ. ಭೇಂಡೆಯವರು ಮುಂಬಯಿಯಲ್ಲಿ ಗುರುತಿಸಿದ ಅಪರೂಪದ ‘ಬಾಂಬೆ’ ಗುಂಪಿನವರಿಗೆ ಅದೂ ಆಗದು.

ಹೆದ್ದಾರಿಯಲ್ಲಿ ಅಪಘಾತವಾಗಿ ಗಾಯಾಳುವನ್ನು ಆಸ್ಪತ್ರೆಗೆ ತಂದಾಗ ಗುಂಪು ಪರೀಕ್ಷಿಸುವಷ್ಟೂ ವ್ಯವಧಾನವಿರದಿದ್ದರೆ ಈ ರಕ್ತವೇ ಆಸರೆ. ಗಂಡಸರಿಗೆ, ವಯಸ್ಸಾದ ಹೆಂಗಸರಿಗೆ ಅಂಥ ತುರ್ತಿನಲ್ಲಿ ಓ ಪಾಸಿಟಿವ್ ಕೊಡುವುದೂ ಉಂಟು. ಹೆಣ್ಣುಮಕ್ಕಳಿಗೆ, ಮುಂದೆ ತಾಯಿಯಾಗಬೇಕಾದವರಿಗೆ ಹಾಗಲ್ಲ. ನೆಗೆಟಿವ್ ಗುಂಪಿನ ಹುಡುಗಿಗೆ ಪಾಸಿಟಿವ್ ರಕ್ತ ಹೋದರೆ ಅವಳ ದೇಹ ಅದಕ್ಕೆ ವಿರೋಧವಾಗಿ ಸಜ್ಜಾಗಿ, ಎಷ್ಟೋ ವರ್ಷಗಳ ಬಳಿಕ ಗರ್ಭದ ಶಿಶುವಿನ ರಕ್ತವನ್ನೇ ಕೆಡಿಸಬಹುದು. ಇರುವ ಸ್ವಲ್ಪ ಓ ನೆಗೆಟಿವ್ ಅಂಥವರಿಗಾಗಿ ಉಳಿದಿರಬೇಕು.

ನಮ್ಮ ದೇಶದಲ್ಲಿ ಆರ್‌ಎಚ್ ನೆಗೆಟಿವ್ ಇರುವವರು 100ಕ್ಕೆ ಸುಮಾರು 5 ಮಂದಿ. ಓ ನೆಗೆಟಿವ್ ಅದಕ್ಕಿಂತಲೂ ಕಡಿಮೆ. ಸಂಗ್ರಹಿಸಿದ ಇಡೀ ರಕ್ತ ಸಾಮಾನ್ಯವಾಗಿ 35 ದಿನ ಮಾತ್ರ ಬಾಳುತ್ತದೆ. ಹೀಗಿರುವಾಗ ಧರ್ಮಕೇಂದ್ರದ ಓ ನೆಗೆಟಿವ್‌ನವರೆಲ್ಲ ಹಬ್ಬದ ಶಿಬಿರದಲ್ಲಿ ಒಂದೇ ಭಾನುವಾರ ಕೊಟ್ಟುಬಿಟ್ಟರೆ, ಮರುವಾರ ಕರೆ ಬಂದಾಗ ಕೊಡುವವರಿರುವುದಿಲ್ಲ. ಗಂಡಸರು ಮತ್ತೆ ಕೊಡಲು ಮೂರು ತಿಂಗಳು, ಹೆಂಗಸರು ನಾಲ್ಕು ತಿಂಗಳು ಕಾಯಬೇಕು. ಅವರನ್ನು ರಕ್ತನಿಧಿಯವರು ಕೇಳಿದಾಗ ಸರದಿಯಂತೆ ಕಳುಹಿಸುವುದು ಲೇಸೆಂದು ನಮಗನಿಸುತ್ತದೆ.

‘ನಮ್ಮದು ಬಿ ಪಾಸಿಟಿವ್, ಅದನ್ನು ಯಾರು ಕೇಳುತ್ತಾರೆ?’ ಎನ್ನುವವರಿದ್ದಾರೆ. ಕೇಳುವವರೇ ಹೆಚ್ಚು, ಏಕೆಂದರೆ ರೋಗಿಗಳಲ್ಲೂ ಆ ಗುಂಪಿನವರು ಬಹಳ. ಅವರ ರಕ್ತ ಸಾಕಷ್ಟಿದ್ದರೆ ಓ ಗುಂಪಿನ ಚೀಲಕ್ಕೆ ಕೈಹಾಕಬೇಕಾಗುವುದಿಲ್ಲ.

ಕಾಸರಗೋಡಿನ ನಮ್ಮ ಕುಟುಂಬಗಳು ದೊಡ್ಡ ಚಿಕಿತ್ಸೆಗೆ ಮಂಗಳೂರನ್ನೇ ನಂಬಿವೆ. 2020ರ ಮಾರ್ಚ್‌ನಲ್ಲಿ ತಲಪಾಡಿ ಗಡಿ ಮುಚ್ಚಿದ್ದನ್ನು ಯಾರೂ ಮರೆತಿಲ್ಲ. ಗಡಿಯ ಈಚೆಗೂ ದಾನಿಗಳ ಪಟ್ಟಿಯೊಂದು ಸಿದ್ಧವಿರಬೇಕು. ಪ್ರತಿ ವಾರ್ಡಿನ ಗುರಿಕಾರರು 18ರಿಂದ 65ರೊಳಗಿನವರ ಹೆಸರು, ರಕ್ತದ ಗುಂಪು, ಫೋನ್ ಸಂಖ್ಯೆ ಬರೆದಿಟ್ಟುಕೊಳ್ಳಲಿ. ಪಕ್ಕದಲ್ಲೇ ಕೊನೆಯ ಬಾರಿ ರಕ್ತ ಕೊಟ್ಟ ತಾರೀಕೂ ಇರಲಿ.