ತೋಳಿಗೆ ಸೂಜಿ ಬೇಡ, ಬೆರಳಿನ ಹನಿ ಸಾಕು

ಹೈದರಾಬಾದ್: ಹಬ್ಬಕ್ಕೆ ಹೋಳಿಗೆ, ಮದುವೆಯಲ್ಲಿ ಡಬಲ್ ಕಾ ಮೀಠಾ. ಎರಡನ್ನೂ ಬಿಡದ ನಾವು ಸಕ್ಕರೆ ಪರೀಕ್ಷೆ ಎಂದೊಡನೆ ಹಿಂಜರಿಯುತ್ತೇವೆ. ಕಾರಣ, ಸೂಜಿಯ ಭಯ.

ಈ ಭಯವನ್ನು ಕಡಿಮೆ ಮಾಡಿದವರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ನವಕಾಂತ ಭಟ್ ಒಬ್ಬರು. ಮೈಸೂರಿನ ಎಸ್‌ಜೆಸಿಇಯಲ್ಲಿ ಎಲೆಕ್ಟ್ರಾನಿಕ್ಸ್ ಎಂಜಿನಿಯರಿಂಗ್ ಓದಿದ ಅವರು 1996ರಲ್ಲಿ ಸ್ಟ್ಯಾನ್‌ಫರ್ಡ್‌ನಿಂದ ಡಾಕ್ಟರೇಟ್ ಪಡೆದರು. ಡಾ. ವಿನಯ್ ಕುಮಾರ್ ಅವರೊಡನೆ ಪಾಥ್‌ಶೋಧ್ ಕಂಪನಿ ಸ್ಥಾಪಿಸಿ, ಅಂಗೈಯಲ್ಲಿ ಹಿಡಿಯಬಹುದಾದ ಉಪಕರಣವನ್ನು ರೂಪಿಸಿದರು.

ಮೂರು ತಿಂಗಳ ಸಕ್ಕರೆಯ ಸರಾಸರಿ ತಿಳಿಸುವ ಎಚ್‌ಬಿಎ1ಸಿ ಪರೀಕ್ಷೆಗೆ ಲ್ಯಾಬ್‌ನಲ್ಲಿ ಸಾಮಾನ್ಯವಾಗಿ ತೋಳಿನ ರಕ್ತ ತೆಗೆಯುತ್ತಾರೆ. ಈ ಉಪಕರಣಕ್ಕೆ ಬೆರಳ ತುದಿಯ ಹನಿ ರಕ್ತ ಸಾಕು. ಗ್ಲೂಕೋಸ್, ಹಿಮೋಗ್ಲೋಬಿನ್‌ಗಳನ್ನೂ ಅಳೆಯುತ್ತದೆ. ಜೈವಿಕ ಸಂವೇದಕಗಳ ಸಂಶೋಧನೆಗೆ ಭಟ್ಟರಿಗೆ 2018ರ ಇನ್ಫೋಸಿಸ್ ಪ್ರಶಸ್ತಿ ಸಂದಿದೆ.

ಸೂಜಿಯೇ ಇಲ್ಲದ ಪರೀಕ್ಷೆ? ಬೆಳಕು ಹಾಯಿಸಿ, ಹುಟ್ಟುವ ಶಬ್ದದಿಂದ ಸಕ್ಕರೆ ಅಳೆಯುವ ಪ್ರಯೋಗದ ವಿವರಗಳನ್ನು ಅದೇ ಸಂಸ್ಥೆಯ ಸಂಶೋಧಕರು 2025ರಲ್ಲಿ ಪ್ರಕಟಿಸಿದರು. ಆದರೆ ಚರ್ಮ ಚುಚ್ಚದೆ ತಾವೇ ಸಕ್ಕರೆ ಅಳೆಯುತ್ತೇವೆನ್ನುವ ಕೈಗಡಿಯಾರ, ಉಂಗುರಗಳನ್ನು ನಂಬಬೇಡಿರೆಂದು ಅಮೆರಿಕದ ಎಫ್‌ಡಿಎ 2024ರಲ್ಲಿ ಎಚ್ಚರಿಸಿದೆ. ತಪ್ಪು ಅಂಕಿ ನಂಬಿ ಇನ್ಸುಲಿನ್ ಹೆಚ್ಚಾದರೆ ಪ್ರಾಣಕ್ಕೇ ಅಪಾಯ.

ಅಲ್ಲಿಯವರೆಗೆ ಮನೆಯಲ್ಲಿ ಮಾಡಬಹುದಾದದ್ದು: ಕೈ ತೊಳೆದು ಒರೆಸಿ, ಪ್ರತಿ ಸಲ ಹೊಸ ಸೂಜಿ ಬಳಸಿ, ಬೆರಳ ನಡುವಿಗಲ್ಲ, ತುದಿಯ ಪಕ್ಕಕ್ಕೆ ಚುಚ್ಚಿ. ನೋವು ಕಡಿಮೆ. ಬೆರಳುಗಳನ್ನು ಬದಲಿಸುತ್ತಿರಿ, ಪರೀಕ್ಷೆಯನ್ನು ಮಾತ್ರ ಮುಂದೂಡಬೇಡಿ.