ಮಂಕಾದ ಮುಂದೀಪ

ಕಳೆದ ಮಳೆಗಾಲದ ಒಂದು ರಾತ್ರಿ ಆಗುಂಬೆಯ ಘಾಟಿ ಇಳಿಯುತ್ತಿದ್ದೆ. ತಿರುವಿನ ತಡೆಗೋಡೆ ನನಗೆ ಕಂಡದ್ದು ತೀರ ಹತ್ತಿರ ಬಂದ ಮೇಲೆ. ವಯಸ್ಸಾಯಿತು, ಕಣ್ಣು ಸೋತಿತು ಎಂದುಕೊಂಡೆ. ಕಣ್ಣಿನ ವೈದ್ಯರು ಪರೀಕ್ಷಿಸಿ, ಕನ್ನಡಕ ಬದಲಿಸಬೇಕಾಗಿಲ್ಲವೆಂದರು. ಸೋತಿದ್ದುದು ಕಾರಿನ ಬಲ್ಬು.

ಹ್ಯಾಲೊಜೆನ್ ಬಲ್ಬಿನೊಳಗೆ ಟಂಗ್‌ಸ್ಟನ್ ತಂತಿ ಬೆಳ್ಳಗೆ ಕಾಯುತ್ತದೆ. ಕಾದ ಲೋಹ ಕಣಕಣವಾಗಿ ಆವಿಯಾಗುತ್ತದೆ. ಅಲ್ಲಿರುವ ಅಯೊಡಿನ್ ಅಥವಾ ಬ್ರೋಮಿನ್ ಅದನ್ನು ಹಿಡಿದು ತಂತಿಗೇ ಮರಳಿ ಒಪ್ಪಿಸುತ್ತದೆ. ಆದರೆ ಹೋದ ಕಣ ತನ್ನ ಹಳೆಯ ಜಾಗಕ್ಕೇ ಬಂದು ಕೂರುವುದಿಲ್ಲ. ತಂತಿ ಅಲ್ಲಲ್ಲಿ ಸವೆಯುತ್ತದೆ, ಬಾಗುತ್ತದೆ, ಬೆಳಕು ಕುಂದುತ್ತದೆ. ಅದೂ ದಿನಕ್ಕೆ ಕೂದಲೆಳೆಯಷ್ಟು. ಕಣ್ಣು ಅದಕ್ಕೆ ಒಗ್ಗಿಬಿಡುತ್ತದೆ.

ಆದುದರಿಂದ ಬಲ್ಬು ಸುಟ್ಟುಹೋಗುವವರೆಗೆ ಕಾಯುವುದು ಸಲ್ಲದು. ಕತ್ತಲಲ್ಲಿ ಗೋಡೆಗೆದುರಾಗಿ ಕಾರು ನಿಲ್ಲಿಸಿ ನೋಡಿ. ಒಂದು ಬೆಳಕು ಹಳದಿಗೆ ತಿರುಗಿದ್ದರೆ, ಬಲ್ಬಿನ ಗಾಜು ಕಪ್ಪಿಟ್ಟಿದ್ದರೆ, ಬದಲಿಸುವ ಕಾಲ ಬಂದಿದೆ. ಎರಡೂ ಸಮನಾಗಿ ಮುದಿಯಾಗಿದ್ದರೆ ಗೋಡೆಯೂ ಸುಳ್ಳು ಹೇಳೀತು. ಪಕ್ಕದಲ್ಲಿ ಹೊಸ ಬಲ್ಬಿನ ಕಾರೊಂದಿರಲಿ. ಮುಂಭಾಗದ ಪ್ಲಾಸ್ಟಿಕ್ ಹೊದಿಕೆ ಬಿಸಿಲಿಗೆ ಮಬ್ಬಾಗಿದ್ದರೆ ಮಾತ್ರ ಬಲ್ಬಿನ ಮೇಲೆ ಸಿಟ್ಟಾಗಿ ಫಲವಿಲ್ಲ, ಅದನ್ನು ಉಜ್ಜಿಸಬೇಕು. ಒಂದು ಬಲ್ಬು ಸುಟ್ಟರೆ ಎರಡನ್ನೂ ಬದಲಿಸುವುದು ಲೇಸು. ಒಟ್ಟಿಗೆ ದುಡಿದ ಅವಳಿಗಳಲ್ಲವೆ? ಹೊಸತರ ಗಾಜನ್ನು ಬರಿಗೈಯಲ್ಲಿ ಮುಟ್ಟಬೇಡಿ. ಬೆರಳಿನ ಜಿಡ್ಡು ತಗುಲಿದಲ್ಲಿ ಕಾವು ಹೆಚ್ಚಿ ಗಾಜು ಬಲಗುಂದುತ್ತದೆ.

ನನ್ನ ಕಾರಿಗೆ 12 ವೋಲ್ಟಿನ, 60/55 ವ್ಯಾಟಿನ ಎಚ್4 ಜೋಡಿ ಹಾಕಿಸಿದೆ. ಅಂಗಡಿಯವನು 100 ವ್ಯಾಟಿನದನ್ನೂ ಮುಂದಿಟ್ಟ. ಎದುರು ಬರುವವನ ಕಣ್ಣು ಕುಕ್ಕುವ ಆ ಬೆಳಕು ಬೇಡವೆಂದೆ.